ಮಗುವಿಲ್ಲದ ಬಾಣಂತಿ

ಹೊಸದುರ್ಗ ತಾಲ್ಲೂಕಿನ ಮಾಡದಕೆರೆ ಹೋಬಳಿಯ ಹಳ್ಳಿಗಳಲ್ಲಿ ಹೆರಿಗೆಯೆಂಬುದು ಹೆರುವವಳೊಬ್ಬಳ ಸಂಗತಿಯಲ್ಲ. ಚೊಚ್ಚಲ ಬಸುರಿಯನ್ನು ತವರಿನವರು ಕರೆತರುತ್ತಾರೆ. ಹೆತ್ತ ಮೇಲೆ ಎಣ್ಣೆ, ಬಿಸಿನೀರು, ಪಥ್ಯದ ಊಟ, ಬೆಚ್ಚನೆಯ ಮೂಲೆ ಎಂದು ತಿಂಗಳುಗಟ್ಟಲೆ ಆರೈಕೆ ನಡೆಯುತ್ತದೆ. ನೋಡಲು ಬಂದವರ ಕಣ್ಣು ಮೊದಲು ತೊಟ್ಟಿಲಿನತ್ತ ಹಾಯುತ್ತದೆ. ಬರಿದಾದ ತೊಟ್ಟಿಲ ಬಳಿ ಬಾಣಂತಿ ಕುಳಿತಿದ್ದರೆ ಅದಕ್ಕೆ ಒಂದೇ ಅರ್ಥವಿತ್ತು: ಮಗು ಉಳಿಯಲಿಲ್ಲ. ಆದರೆ ಮಗು ಆರೋಗ್ಯವಾಗಿದ್ದೂ ವಿಮಾನವೇರಿ ಹೋಗಿ, ಹೆತ್ತವಳು ಎದೆಯ ಹಾಲು ಬತ್ತಲೆಂದು ಕಾದು ಕುಳಿತ ಬಾಣಂತನವನ್ನು ನಮ್ಮ ರಾಜಧಾನಿ ಬೆಂಗಳೂರು 2015ಕ್ಕೆ ಮೊದಲಿನ ವರ್ಷಗಳಲ್ಲಿ ಕಂಡಿತು.

ಬಾಡಿಗೆ ತಾಯ್ತನವೆಂದೊಡನೆ ಗುಜರಾತಿನ ಆನಂದ್ ಪಟ್ಟಣದ ಹೆಸರೇ ನೆನಪಾಗುವುದುಂಟು. ಬೆಂಗಳೂರಿನ ಕಥೆ ಅಷ್ಟಾಗಿ ಪ್ರಚಾರ ಪಡೆಯಲಿಲ್ಲ. ಸಮಾಜಶಾಸ್ತ್ರಜ್ಞೆ ಶರ್ಮಿಳಾ ರುದ್ರಪ್ಪನವರು ಅಲ್ಲಿನ ಬಾಡಿಗೆ ತಾಯಂದಿರನ್ನು ಮಾತನಾಡಿಸಿ 2015ರಲ್ಲಿ ‘ಡಿಸ್ಕೌಂಟೆಡ್ ಲೈಫ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ಆ ತಾಯಂದಿರಲ್ಲಿ ಅನೇಕರು ಸಿದ್ಧ ಉಡುಪು ಕಾರ್ಖಾನೆಗಳ ಕಾರ್ಮಿಕರಾಗಿದ್ದರು. ಬಸುರಿನ ತಿಂಗಳುಗಳನ್ನು ತಮ್ಮ ಮಕ್ಕಳಿಂದ ದೂರವಾಗಿ ವಸತಿಗೃಹದಲ್ಲಿ ಕಳೆದರು. ಹೆರಿಗೆಯೂ ಬಹುಮಟ್ಟಿಗೆ ಸಿಸೇರಿಯನ್.

ಇವರು ಕಣ್ಣೀರಿನ ಕಥೆಯನ್ನಷ್ಟೇ ಹೇಳಿದ್ದರೆ ನಮಗೆ ಮರುಕ ಸೂಚಿಸಿ ಸುಮ್ಮನಾಗುವುದು ಸುಲಭವಿತ್ತು. ಅವರಲ್ಲಿ ಹಲವರು ಹೇಳಿದ್ದು ಬೇರೆಯೇ. ಕಾರ್ಖಾನೆಯಲ್ಲಿ ಮೇಲ್ವಿಚಾರಕರ ಬೈಗುಳ ಕೇಳುತ್ತ, ಗಂಟೆಗಿಷ್ಟು ಎಂದು ಬಟ್ಟೆ ಹೊಲಿಯುವುದಕ್ಕಿಂತ ಒಂದು ಜೀವವನ್ನು ಹೊತ್ತು ಕೊಡುವುದು ಅವರಿಗೆ ಅರ್ಥವುಳ್ಳ ಕೆಲಸವಾಗಿ ತೋರಿತ್ತು. ವಸತಿಗೃಹದಲ್ಲಿ ಅವರು ಅಕ್ಕತಂಗಿಯರಂತೆ ಬಾಳಿದ್ದರು. ಈ ಮಾತನ್ನು ಬಾಡಿಗೆ ತಾಯ್ತನದ ಸಮರ್ಥನೆಯೆಂದು ಓದುವವರಿದ್ದಾರೆ. ನನಗೆ ಅದು ಮೊದಲು ಆ ಕಾರ್ಖಾನೆಗಳ ಮೇಲಿನ ದೋಷಾರೋಪಣೆಯಾಗಿ ಕೇಳಿಸುತ್ತದೆ.

ಇತ್ತ ಮಗುವಿಗಾಗಿ ಸಮುದ್ರ ದಾಟಿ ಬಂದವರನ್ನು ಹೃದಯಹೀನರೆನ್ನುವುದೂ ನ್ಯಾಯವಲ್ಲ. ‘ಬಂಜೆ’ ಎಂಬ ಒಂದು ಮಾತು ನಮ್ಮ ಊರುಗಳಲ್ಲಿ ಎಷ್ಟು ಹೆಣ್ಣುಮಕ್ಕಳನ್ನು ಶುಭಕಾರ್ಯದ ಅಂಗಳದಿಂದ ಹೊರಗಿಟ್ಟಿತೆಂಬುದು ಎಲ್ಲರಿಗೂ ಗೊತ್ತು. ಆ ನೋವಿಗೆ ದೇಶಭಾಷೆಗಳ ಗಡಿಯಿಲ್ಲ.

ಪವಿತ್ರ ಬೈಬಲಿನ ಆದಿಕಾಂಡವು ಈ ಎರಡು ನೋವುಗಳನ್ನೂ ಒಂದೇ ಗುಡಾರದೊಳಗೆ ತೋರಿಸುತ್ತದೆ. ಮಕ್ಕಳಿಲ್ಲದ ಸಾರಾ ತನ್ನ ದಾಸಿ ಹಾಗರಳನ್ನು ಪತಿ ಅಬ್ರಹಾಮನಿಗೆ ಒಪ್ಪಿಸಿ, ಅವಳ ಮೂಲಕ ತಾನು ಸಂತಾನ ಪಡೆಯಲು ಬಯಸುತ್ತಾಳೆ. ಹಾಗರಳು ಈಜಿಪ್ಟಿನವಳು, ಪರದೇಶದ ಹೆಣ್ಣು. ಇಂದಿನ ಬಾಡಿಗೆ ತಾಯಿಗೆ ಮಗುವಿನೊಡನೆ ವಂಶವಾಹಿಯ ನಂಟಿರುವುದಿಲ್ಲ, ಹಾಗರಳಿಗಿತ್ತು. ಆ ಭೇದವನ್ನು ಬಿಟ್ಟರೆ ಕಥೆ ನಮಗೆ ಅಪರಿಚಿತವಲ್ಲ. ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಸಾರಾ ಆಗಲಿ ಅಬ್ರಹಾಮನಾಗಲಿ ಆಡಿದ ಮಾತುಗಳಲ್ಲಿ ಒಮ್ಮೆಯೂ ಅವಳ ಹೆಸರು ಬರುವುದಿಲ್ಲ. ಅವಳು ‘ದಾಸಿ’ ಮಾತ್ರ. ಅವಳನ್ನು ಹೆಸರಿಡಿದು ಮೊದಲು ಕರೆದವನು, ಓಡಿಹೋಗಿ ಮರುಭೂಮಿಯ ಬುಗ್ಗೆಯ ಬಳಿ ಕುಳಿತಿದ್ದಾಗ ಎದುರಾದ ದೇವದೂತ. ಅದಕ್ಕೇ ಇರಬೇಕು, ಅವಳು ದೇವರಿಗೆ ತನ್ನನ್ನು ಕಾಣುವವನೆಂದು ಹೆಸರಿಟ್ಟಳು.

ಹೆಸರಿನ ಪ್ರಶ್ನೆ ನಮ್ಮ ನ್ಯಾಯಾಲಯಗಳಿಗೂ ಬಂತು. 2008ರ ಜುಲೈ 25ರಂದು ಜಪಾನಿ ದಂಪತಿಗಾಗಿ ಹೆಣ್ಣುಮಗುವೊಂದು ಗುಜರಾತಿನಲ್ಲಿ ಜನಿಸಿತು. ಅಷ್ಟರಲ್ಲೇ ದಂಪತಿ ವಿಚ್ಛೇದನ ಪಡೆದಿದ್ದರು. ಅಂಡಾಣು ನೀಡಿದವಳು ಅನಾಮಿಕಳು, ಹೆತ್ತವಳ ಪಾತ್ರ ಒಪ್ಪಂದದಂತೆ ಮುಗಿದಿತ್ತು, ಜಪಾನಿನ ಮಾಜಿ ಪತ್ನಿಗೆ ಮಗು ಬೇಕಿರಲಿಲ್ಲ. ಮೂವರು ತಾಯಂದಿರಿದ್ದೂ ತಾಯಿಯಿಲ್ಲದ ‘ಬೇಬಿ ಮಂಜಿ’ಯ ಪ್ರಕರಣ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಕೊನೆಗೆ ಅಜ್ಜಿ ಮೊಮ್ಮಗಳನ್ನು ಕರೆದೊಯ್ದರು. ಅದೇ ವರ್ಷದ ಜನವರಿಯಲ್ಲಿ ಜರ್ಮನ್ ದಂಪತಿಗಾಗಿ ಹುಟ್ಟಿದ ಅವಳಿ ಮಕ್ಕಳಿಗೆ ಯಾವ ದೇಶದ ಪೌರತ್ವವೂ ಇರಲಿಲ್ಲ. 2009ರ ನವೆಂಬರಿನಲ್ಲಿ ಗುಜರಾತ್ ಹೈಕೋರ್ಟು, ಹೆತ್ತವಳು ಭಾರತೀಯಳಾದುದರಿಂದ ಮಕ್ಕಳೂ ಭಾರತೀಯರೆಂದು ತೀರ್ಪಿತ್ತಿತು. ಹೊತ್ತು ಹೆತ್ತವಳನ್ನು ಕಾನೂನು ತಾಯಿಯೆಂದು ಗುರುತಿಸಿದ್ದು ಪಾಸ್‌ಪೋರ್ಟಿನ ತೊಡಕು ಬಂದಾಗ!

ಇದಕ್ಕಿಂತ ಕಟುವಾದ ಚಿತ್ರ 2015ರ ಏಪ್ರಿಲಿನ ನೇಪಾಳ ಭೂಕಂಪದ್ದು. ಇಸ್ರೇಲ್ ತನ್ನ ಪ್ರಜೆಗಳಿಗಾಗಿ ಅಲ್ಲಿ ಹುಟ್ಟಿದ್ದ ಹಸುಗೂಸುಗಳನ್ನು ವಿಮಾನದಲ್ಲಿ ಸುರಕ್ಷಿತವಾಗಿ ಸಾಗಿಸಿತು. ಆ ಮಕ್ಕಳನ್ನು ಹೆತ್ತ ತಾಯಂದಿರಲ್ಲಿ ಅನೇಕರು ಭಾರತದಿಂದ ಅಲ್ಲಿಗೆ ಒಯ್ಯಲ್ಪಟ್ಟಿದ್ದವರು. ಅವರನ್ನು ಬಿಟ್ಟು ವಿಮಾನ ಮೇಲೇರಿತು.

ಅದೇ ವರ್ಷದ ಕೊನೆಗೆ ಭಾರತ ವಿದೇಶೀಯರಿಗೆ ಬಾಗಿಲು ಮುಚ್ಚಿತು. 2022ರ ಜನವರಿ 25ರಂದು ಜಾರಿಗೆ ಬಂದ ಕಾನೂನು ಹಣದ ವ್ಯವಹಾರವನ್ನೇ ಅಪರಾಧವಾಗಿಸಿತು. ಬಾಡಿಗೆ ತಾಯಿ ವಿವಾಹಿತಳಾಗಿದ್ದು, ಸ್ವಂತ ಮಗುವುಳ್ಳ, 25ರಿಂದ 35 ವರ್ಷದವಳಾಗಿರಬೇಕು. ಬದುಕಿನಲ್ಲಿ ಒಮ್ಮೆ ಮಾತ್ರ ಈ ಕಾರ್ಯ. ವೈದ್ಯಕೀಯ ವೆಚ್ಚ ಹಾಗೂ 36 ತಿಂಗಳ ವಿಮೆಯ ಹೊರತು ಬೇರೆ ಪ್ರತಿಫಲವಿಲ್ಲ. ವೈದ್ಯರಿಗೆ ಶುಲ್ಕ, ಆಸ್ಪತ್ರೆಗೆ ಬಾಡಿಗೆ, ವಕೀಲರಿಗೆ ಸಂಭಾವನೆ. ತ್ಯಾಗದ ಪಾಠ ಹೊತ್ತವಳಿಗೊಬ್ಬಳಿಗೆ ಮಾತ್ರವೇ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆಯನ್ನು ತಳ್ಳಿಹಾಕಲಾಗದು.

ಧರ್ಮಸಭೆ ಹಣವಿರಲಿ ಇಲ್ಲದಿರಲಿ ಈ ಪದ್ಧತಿಯನ್ನು ಒಪ್ಪಿಲ್ಲ. 1987ರ ‘ದೋನುಂ ವೀತೇ’ ಬೋಧನೆಯಲ್ಲಿ ಆ ನಿಲುವು ಸ್ಪಷ್ಟವಾಗಿತ್ತು. 2024ರ ಏಪ್ರಿಲಿನಲ್ಲಿ ಹೊರಬಂದ ‘ದಿಗ್ನಿತಾಸ್ ಇನ್‌ಫಿನಿತಾ’ ಮಗುವಿನ ಘನತೆಯನ್ನು ಮೊದಲಿಟ್ಟು, ಹೊತ್ತವಳ ಘನತೆಯನ್ನೂ ಎತ್ತಿಹಿಡಿಯಿತು. ದಿವಂಗತ ಪೋಪ್ ಫ್ರಾನ್ಸಿಸರು ಅದೇ ಜನವರಿಯಲ್ಲಿ ವಿಶ್ವವ್ಯಾಪಿ ನಿಷೇಧಕ್ಕೆ ಕರೆಯಿತ್ತಿದ್ದರು. ಮಗು ಕೊಡುಗೆಯೇ ಹೊರತು ಕೊಳ್ಳುವ ಒಡವೆಯಲ್ಲವೆಂಬ ಈ ಬೋಧನೆಯನ್ನು ನಾವು ಒಪ್ಪುವುದಾದರೆ, ಈಗಾಗಲೇ ಹುಟ್ಟಿರುವ ಮಕ್ಕಳನ್ನೂ ಅವರನ್ನು ಹೆತ್ತವರನ್ನೂ ಕುರಿತು ಯೋಚಿಸುವುದು ಉಳಿದೇ ಇದೆ.

ಆ ಮಕ್ಕಳಲ್ಲಿ ಮೊದಲು ಹುಟ್ಟಿದವರು ಈಗ ಪ್ರಾಯಕ್ಕೆ ಬಂದಿದ್ದಾರೆ. ಬೆಂಗಳೂರಿನಿಂದ ಹೊರದೇಶಕ್ಕೆ ಹೋದವರಲ್ಲಿ ಯಾರಾದರೂ ತನ್ನನ್ನು ಹೊತ್ತವಳನ್ನು ಹುಡುಕಿ ಬಂದರೆ? ಅವರು ಹುಟ್ಟಿದ ಕಾಲದಲ್ಲಿ ಕಾನೂನಿರಲಿಲ್ಲ. ಇದ್ದದ್ದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2005ರ ಮಾರ್ಗಸೂಚಿ. ಹದಿನೆಂಟು ತುಂಬಿದ ಮೇಲೆ ಮಗು ತನ್ನ ಬಾಡಿಗೆ ತಾಯಿಯ ವಿಷಯವಾಗಿ ಮಾಹಿತಿ ಕೇಳಬಹುದೆಂದು ಅದು ಹೇಳುತ್ತದೆ, ಅವಳ ಹೆಸರು ಮತ್ತು ವಿಳಾಸವನ್ನು ಹೊರತುಪಡಿಸಿ.