ಚಳಿಜ್ವರಕ್ಕೆ ಅರಿಷಿಣ ಸಾಕೇ?



“ಚಳಿಜ್ವರ ಬಂದದ, ಅರಿಷಿಣದ ಹಾಲು ಕೊಟ್ರ ಸಾಲಲ್ಲೇನ್ರಿ?” ಎಂದು ಭಾಲ್ಕಿ, ಔರಾದ ಕಡೆ ಕೇಳುವುದುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಪದ್ಮನಾಭನ್ ಅವರ ತಂಡ ಅರಿಷಿಣದ ಹಳದಿ ಸಾರವಾದ ಕರ್ಕ್ಯುಮಿನ್ನನ್ನು ಪರೀಕ್ಷಿಸಿತು. ಮೊದಲು ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಮಲೇರಿಯಾ ರೋಗಾಣುಗಳ ಮೇಲೆ, ಬಳಿಕ ರೋಗ ತಗಲಿಸಿದ ಇಲಿಗಳ ಮೇಲೆ. ರೋಗಾಣುಗಳು ತಗ್ಗಿದವೆಂದು 2005ರಲ್ಲಿ ವರದಿಯಾಯಿತು.

ಆದರೆ ಇಲಿಗೆ ಕೊಟ್ಟದ್ದು ತೂಗಿದ ಸಾರ. ಹಾಲಿಗೆ ಹಾಕುವ ಚಿಟಿಕೆಯಲ್ಲ. ಪ್ರಯೋಗದ ಮಡಿಯಲ್ಲಿ ಗೆದ್ದ ತೊಗರಿ ತಳಿಯನ್ನು ನಿಮ್ಮ ಹೊಲದಲ್ಲಿ ನೋಡದೆ ಎಲ್ಲ ಎಕರೆಗೂ ಬಿತ್ತುತ್ತೀರೇನು? ಹಾಗೆಯೇ, ಮನುಷ್ಯರಲ್ಲಿಯೂ ಗೆದ್ದ ಮೇಲೆಯೇ ಅದು ಮದ್ದು.

ಮನೆಮದ್ದು ನೋಡುತ್ತ ಕೂತರೆ ರೋಗಾಣು ರಕ್ತದಲ್ಲಿ ಹೆಚ್ಚುತ್ತದೆ. ನಡುಕದ ಜ್ವರ ಬಂದ ದಿನವೇ ಆರೋಗ್ಯ ಕೇಂದ್ರಕ್ಕೋ ಬೀದರದ ಆಸ್ಪತ್ರೆಗೋ ಹೋಗಿ ರಕ್ತ ಪರೀಕ್ಷೆ ಮಾಡಿಸಿರಿ. ಕೊಟ್ಟ ಗುಳಿಗೆ ಪೂರ್ತಿ ನುಂಗಿರಿ. ಅರಿಷಿಣ ಅಡುಗೆಗಿರಲಿ.