ಅಜ್ಜನ ಬಾರಾಬಂದಿ ಮತ್ತೆ ಹೊಲಿಯೋಣ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯವರೇ, ಹಳೇ ಟ್ರಂಕಿನಲ್ಲಿ ಅಜ್ಜನ ಬಾರಾಬಂದಿ ಇದೆಯಾ ನೋಡ್ರಿ. ಗುಂಡಿ ಇಲ್ಲ, ಕಾಲರ್ ಇಲ್ಲ. ಎದೆಯ ಮೇಲೆ ಮಡಚಿ ಕಸೆಯಿಂದ ಕಟ್ಟುವ ಅಂಗಿ. ಬಾರಾ ಅಂದರೆ ಹನ್ನೆರಡು, ಬಂದಿ ಅಂದರೆ ಕಟ್ಟು.

ಅಂಥದ್ದೇ ಇನ್ನೊಂದು ಹೊಲಿಯಬೇಕೇ? ಹಳೆಯದರ ಹೊಲಿಗೆ ಬಿಚ್ಚಬೇಡ್ರಿ! ಒಳಮಗ್ಗುಲು ತಿರುವಿ, ಬಟ್ಟೆಯ ನೇಯ್ದ ಅಂಚು ಹುಡುಕ್ರಿ. ಒಂದೇ ತುಂಡಿನಲ್ಲಿ ಎರಡೂ ಅಂಚು ಉಳಿದಿದ್ದರೆ ಮಗ್ಗದಲ್ಲಿ ನೇಯ್ದ ಅಗಲವೇ ಸಿಗುತ್ತದೆ. ಕೈಮಗ್ಗದ ಬಟ್ಟೆ ಹಾಳಾಗಬಾರದೆಂದು ಆಗಿನವರು ಆದಷ್ಟೂ ನೇರ ತುಂಡುಗಳನ್ನೇ ಕತ್ತರಿಸುತ್ತಿದ್ದರು. ಕಂಕುಳಿಗೆ ಪುಟ್ಟದೊಂದು ಚೌಕ ತುಂಡು. ಎಂಥ ಜಾಣತನ! ಗಳೆ ಹೊಡೆಯುವಾಗ ತೋಳು ಬಿಗಿಯುವುದಿಲ್ಲ, ಹೊಲಿಗೆ ಹರಿಯುವುದಿಲ್ಲ.

ಪ್ರತಿ ತುಂಡನ್ನೂ ಅಳೆದು ಕಾಗದದ ಮೇಲೆ ಬರೆದುಕೊಳ್ರಿ. ಮೊದಲು ಅಗ್ಗದ ಕೋರಾ ಬಟ್ಟೆಯಲ್ಲಿ ಹೊಲಿದು ನೋಡ್ರಿ. ಅಜ್ಜನ ಅಂಗಿಯನ್ನು ಮಾತ್ರ ಒಗೆಯದೆ, ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ ಜೋಪಾನ ಮಾಡ್ರಿ.