ಮನೆಯಾಕೆಗೊಂದು ಹಳೆಯ ಮೋಟಾರು

ಹೆಂಡತಿಗೆ ಒಬ್ಬನೇ ಹೋಗಿ ಒಂದು ಸೀರೆಯನ್ನು ಆರಿಸಿ ತರುವ ಧೈರ್ಯ ಮದುವೆಯಾಗಿ ಮೂವತ್ತೈದು ವರ್ಷಗಳಾದರೂ ನನಗೆ ಬಂದಿಲ್ಲ. ಹಾಗೆ ತಂದ ಮೂರು ಸೀರೆಗಳಲ್ಲಿ ಎರಡು ಅಂಗಡಿಗೆ ಹಿಂದಿರುಗಿದವು. ಮೂರನೆಯದು ದಿವಾನದ ಹೊದಿಕೆಯಾಗಿ ಸಾರ್ಥಕವಾಯಿತು. ಅಂಥವನು 2025ರಲ್ಲಿ, ಆಕೆ ಕಾಲೇಜಿನ ಕೆಲಸದಿಂದ ನಿವೃತ್ತಳಾಗುವ ದಿನ ಸಮೀಪಿಸಿದಾಗ, ಆಕೆಗೆ ತಿಳಿಯದಂತೆ ಒಂದು ಮೋಟಾರು ಕಾರನ್ನೇ ಕೊಳ್ಳಲು ಹೊರಟೆನೆಂದರೆ ವಾಚಕರು ನಗಬಹುದು. ಅದೂ ಹೊಸ ಕಾರಲ್ಲ. ತಯಾರಿಕೆ ನಿಂತು ಎರಡು ದಶಕ ಕಳೆದ, ಉದ್ದ ಮೂತಿಯ ಕಾಂಟೆಸ್ಸಾ. ಅದರಲ್ಲಿಯೂ ಟರ್ಬೊ ಡೀಸೆಲ್ಲೇ ಆಗಬೇಕೆಂಬ ಹಟ.

ಹಟಕ್ಕೆ ಕಾರಣವಿತ್ತು. ನನ್ನ ಮಾವನವರು ರಾಜಾಜಿನಗರದಲ್ಲಿ ನಾಲ್ಕು ಲೇತುಗಳ ಒಂದು ಚಿಕ್ಕ ಕಾರ್ಖಾನೆಯನ್ನು ಇಟ್ಟಿದ್ದರು. ಪೀಣ್ಯದ ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗಗಳನ್ನು ಕಡೆದುಕೊಡುವುದು ಅವರ ಉದ್ಯೋಗ. ಕೈ ನಡೆಯುತ್ತಿದ್ದ ಕಾಲದಲ್ಲಿ, 1995ರಲ್ಲಿ, ಒಂದು ಕಾಂಟೆಸ್ಸಾ ಕೊಂಡರು. ಆಗ ನನ್ನಾಕೆ ಮೂವತ್ತರ ಹರೆಯದ ಗೃಹಿಣಿ, ಒಂದು ಮಗುವಿನ ತಾಯಿ. ಮಗುವನ್ನು ಅಜ್ಜಿಯ ಮಡಿಲಿಗೆ ಹಾಕಿ, ಬೆಳಗಿನ ಐದು ಗಂಟೆಗೆ, ಹಾಲಿನ ವ್ಯಾನುಗಳ ಹೊರತು ಬೇರಾರೂ ಇಲ್ಲದ ಕಾರ್ಡ್ ರಸ್ತೆಯಲ್ಲಿ ತಂದೆಯ ಪಕ್ಕದಲ್ಲಿ ಕುಳಿತು ಆ ಕಾರನ್ನು ನಡೆಸಲು ಕಲಿತಳು. ಆರು ವರ್ಷಗಳ ಮೇಲೆ ಕಾರ್ಖಾನೆಗೆ ಕೆಲಸ ಬರುವುದು ನಿಂತಿತು. ಆಳುಗಳ ಸಂಬಳ ತೀರಿಸಲು ಮಾವನವರು ಕಾರನ್ನು ಮಾರಿದರು. ಮಗಳಿಗೆ ಹೇಳಲಿಲ್ಲ. ಆಕೆ ತವರಿಗೆ ಹೋದಾಗ ಅಂಗಳ ಬರಿದಾಗಿತ್ತು. ಎಣ್ಣೆಯ ಕಲೆಯೊಂದು ನೆಲದಲ್ಲಿ ಉಳಿದಿತ್ತು. ಆ ದಿನ ಆಕೆ ಊಟ ಮಾಡದೆ ಬಂದದ್ದು ನನಗೆ ಚೆನ್ನಾಗಿ ನೆನಪಿದೆ. ಅನಂತರ ಆ ವಿಷಯವನ್ನು ತಂದೆಯಾಗಲಿ ಮಗಳಾಗಲಿ ಎತ್ತಲಿಲ್ಲ.

ಇನ್ನು ಕಾರಿನ ಕುಲಗೋತ್ರ. ಇಂಗ್ಲೆಂಡಿನ ವಾಕ್ಸ್‌ಹಾಲ್ ಕಂಪನಿ 1972ರಲ್ಲಿ ಹೊರತಂದ ವಿಕ್ಟರ್ ಎಂಬ ಕಾರಿನ ಅಚ್ಚುಗಳನ್ನು ನಮ್ಮ ಹಿಂದುಸ್ಥಾನ್ ಮೋಟಾರ್ಸ್‌ನವರು ಪಡೆದು, ಬಂಗಾಳದ ಉತ್ತರಪಾಡಾದ ಕಾರ್ಖಾನೆಯಿಂದ 1984ರಲ್ಲಿ ಕಾಂಟೆಸ್ಸಾ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಿಟ್ಟರು. ಮೈ ಜಟ್ಟಿಯದು, ಹೃದಯ ಮಾತ್ರ ಅಂಬಾಸಿಡರಿನ 1489 ಸಿ.ಸಿ. ಯಂತ್ರ! ಭೀಮನಿಗೆ ಸಹದೇವನ ಹಸಿವಿದ್ದಂತೆ. ಆಮೇಲೆ ಜಪಾನಿನ ಇಸುಜು ಕಂಪನಿಯ 1.8 ಲೀಟರಿನ ಪೆಟ್ರೋಲ್ ಯಂತ್ರವೂ ಐದು ಗೇರುಗಳೂ ಬಂದ ಮೇಲೆ ಮೈಗೆ ತಕ್ಕ ಬಲ ಬಂತು. ಅದರ ಹಿಂದೆ 2 ಲೀಟರಿನ ಇಸುಜು ಡೀಸೆಲ್ ಯಂತ್ರ, ಅದಕ್ಕೇ ಟರ್ಬೊ ಕೂಡಿಸಿದ ಇನ್ನೊಂದು ಮಾದರಿ. 2002ರ ಹೊತ್ತಿಗೆ ಎಲ್ಲವೂ ಮುಗಿಯಿತು.

ಅಮೆರಿಕದಲ್ಲಿ ಮಧ್ಯಮ ಗಾತ್ರದ ಕಾರಿಗೆ ಭಾರಿ ಯಂತ್ರವನ್ನು ತುಂಬಿ, 1964ರ ಪಾಂಟಿಯಾಕ್ ಜಿ.ಟಿ.ಓ. ಮುಂತಾದ ಹೆಸರುಗಳಿಂದ ಮಾರಿದರಷ್ಟೆ; ಅವುಗಳಿಗೆ ಅಲ್ಲಿ ‘ಮಸಲ್ ಕಾರ್’ ಎಂದು ಹೆಸರು. ನಮ್ಮ ದೇಶದ ಹುಡುಗರು ಅದೇ ಬಿರುದನ್ನು ಕಾಂಟೆಸ್ಸಾಕ್ಕೆ ಕೊಟ್ಟಿದ್ದಾರೆ. ಶಕ್ತಿಯ ಲೆಕ್ಕದಲ್ಲಿ ಇದು ಅತ್ಯುಕ್ತಿ. ರೂಪದ ಲೆಕ್ಕದಲ್ಲಿ ಒಪ್ಪತಕ್ಕದ್ದೇ.

ಟರ್ಬೊ ಎಂದರೇನೆಂದು ನನ್ನಂಥ ಲೆಕ್ಕಪತ್ರದ ಮನುಷ್ಯನಿಗೆ ತಿಳಿಯಹೇಳಿದವನು ಮಾಗಡಿ ರಸ್ತೆಯ ಒಬ್ಬ ಮೇಸ್ತ್ರಿ. ಯಂತ್ರದಿಂದ ಹೊರಗೆ ಹೋಗುವ ಹೊಗೆ ಸುಮ್ಮನೆ ಹೋಗದೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಯಂತ್ರದೊಳಕ್ಕೆ ನುಗ್ಗಿಸುತ್ತದೆ. ಗಾಳಿ ಹೆಚ್ಚಾದಷ್ಟೂ ಹೆಚ್ಚು ಇಂಧನ ಉರಿಯಬಹುದು, ಬಲ ಹೆಚ್ಚುತ್ತದೆ. ಮನೆಯ ಒಲೆಗೆ ಊದುಕೊಳವೆ ಹೇಗೋ ಹಾಗೆ. ಆದರೆ ಇಲ್ಲಿ ಊದುವುದು ಒಲೆಯ ಹೊಗೆಯೇ. ಸ್ವಿಟ್ಸರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಎಂಬ ಇಂಜಿನಿಯರು 1905ರಲ್ಲಿಯೇ ಇದಕ್ಕೆ ಹಕ್ಕುಪತ್ರ ಪಡೆದಿದ್ದರೂ, ಜನ ಕೊಳ್ಳುವ ಕಾರಿಗೆ ಅದು ಬಂದದ್ದು 1962ರಲ್ಲಿ, ಅಮೆರಿಕದ ಆಲ್ಡ್ಸ್‌ಮೊಬೀಲ್ ಜೆಟ್‌ಫೈರ್ ಮತ್ತು ಷೆವ್ರೊಲೆ ಕಾರ್ವೇರ್ ಕಾರುಗಳಲ್ಲಿ. ಜೆಟ್‌ಫೈರಿಗೆ ನೀರು, ಮದ್ಯಸಾರಗಳ ಒಂದು ಮಿಶ್ರಣವನ್ನು ಬೇರೆ ತೊಟ್ಟಿಯಲ್ಲಿ ತುಂಬುತ್ತಿರಬೇಕಾಗಿತ್ತು. ಯಜಮಾನರು ತುಂಬಲು ಮರೆಯುತ್ತಿದ್ದರು. ಕೊನೆಗೆ ಕಂಪನಿಯವರೇ ಅನೇಕ ಕಾರುಗಳಿಂದ ಟರ್ಬೊವನ್ನು ಬಿಚ್ಚಿ ಮಾಮೂಲು ಕಾರ್ಬುರೇಟರನ್ನು ಹಾಕಿಕೊಟ್ಟರು.

ಈ ಪುಟ್ಟ ಚಕ್ರ ನಿಮಿಷಕ್ಕೆ ಒಂದು ಲಕ್ಷ ಸುತ್ತನ್ನೂ ಮೀರಿ ತಿರುಗಬಲ್ಲದು. ಅದರ ಅಚ್ಚಿಗೆ ಆಧಾರ ಯಂತ್ರದಿಂದ ಹರಿದು ಬರುವ ಎಣ್ಣೆಯೊಂದೇ. ವೇಗವಾಗಿ ಬಂದು ತಟಕ್ಕನೆ ಯಂತ್ರವನ್ನು ಆರಿಸಿದರೆ ಎಣ್ಣೆ ನಿಲ್ಲುತ್ತದೆ, ಕಾದ ಅಚ್ಚಿನ ಮೇಲೆ ಉಳಿದ ಎಣ್ಣೆ ಕರಿಕಾಗುತ್ತದೆ. ಆದ್ದರಿಂದ ನಿಂತ ಮೇಲೆ ಒಂದು ನಿಮಿಷವಾದರೂ ಯಂತ್ರವನ್ನು ನಿಧಾನವಾಗಿ ಓಡಬಿಟ್ಟು ಆಮೇಲೆ ಆರಿಸಬೇಕು. “ಓಡಿ ಬಂದವರಿಗೆ ತಕ್ಷಣ ಮಲಗು ಅಂತೀವಾ ಸಾರ್? ಹಂಗೇ ಇದು” ಎಂದ ಮೇಸ್ತ್ರಿ.

ಮೊದಲು ನೋಡಿದ ಕಾರು ವಿಜಯನಗರದಲ್ಲಿತ್ತು. ಕನ್ನಡಿಯಂತೆ ಹೊಳೆಯುವ ಕಪ್ಪು ಬಣ್ಣ. ಹಿಂದುಗಡೆ ‘ಟರ್ಬೊ’ ಎಂಬ ಫಲಕ. ಮಾರುವಾತ ಹೇಳಿದ್ದು ಮೂರೂವರೆ ಲಕ್ಷ. ನಾನು ಮುಂಗಡ ಕೊಡುವುದರಲ್ಲಿದ್ದೆ. ಮೇಸ್ತ್ರಿ ಜೇಬಿನಿಂದ ಬಟ್ಟೆ ಸುತ್ತಿದ ಒಂದು ಅಯಸ್ಕಾಂತವನ್ನು ತೆಗೆದು ಕಾರಿನ ಮೈಮೇಲೆ ಆಡಿಸುತ್ತ ಹೋದ. ಬಾನೆಟ್ಟಿಗೆ ಹಿಡಿಯಿತು. ಬಾಗಿಲಿನ ಕೆಳಭಾಗಕ್ಕೆ ಬಂದಾಗ ಜಾರಿ ನೆಲಕ್ಕೆ ಬಿತ್ತು. “ಸಾರ್, ಇದು ತಗಡಲ್ಲ, ಪುಟ್ಟಿ” ಎಂದು ಕಿವಿಯಲ್ಲಿ ಹೇಳಿದ. ಈ ಕಾರಿನ ಬಾಗಿಲ ಕೆಳಗಿನ ಪಟ್ಟಿ, ಚಕ್ರದ ಕಮಾನು, ಡಿಕ್ಕಿಯ ನೆಲ, ಹಿಂಗಾಜಿನ ಅಂಚು ಇವು ತುಕ್ಕಿಗೆ ತವರುಮನೆಗಳು. ಮೈಗೂ ಅಡಿಪಾಯಕ್ಕೂ ಬೇರೆ ಚೌಕಟ್ಟು ಇಲ್ಲದ ಕಟ್ಟಡವಾದ್ದರಿಂದ ಅಲ್ಲಿ ತುಕ್ಕು ಹಿಡಿದರೆ ಮೂಳೆಗೇ ಹಿಡಿದಂತೆ.

ಅದಕ್ಕಿಂತ ದೊಡ್ಡ ಮೋಸ ಆರ್.ಸಿ. ಪುಸ್ತಕದಲ್ಲಿ ಕುಳಿತಿತ್ತು. ಇಂಧನದ ಮುಂದೆ ಪೆಟ್ರೋಲ್ ಎಂದು ಬರೆದಿದೆ. ಬಾನೆಟ್ಟಿನ ಕೆಳಗೆ ಗಡಗಡಿಸುವುದು ಡೀಸೆಲ್ ಯಂತ್ರ. ಅದರ ಸಂಖ್ಯೆಗೂ ಪುಸ್ತಕದ ಸಂಖ್ಯೆಗೂ ಸಂಬಂಧವಿಲ್ಲ. ಯಂತ್ರವನ್ನು ಬದಲಿಸಬೇಕಾದರೆ ನೋಂದಣಿ ಅಧಿಕಾರಿಗಳ ಅನುಮತಿ ಪಡೆದು ಪುಸ್ತಕದಲ್ಲಿ ಬರೆಸಬೇಕೆಂದು ಕಾನೂನು. ಹಾಗೆ ಮಾಡದ ಕಾರನ್ನು ಕೊಂಡರೆ ನಾಳೆ ಅಪಘಾತವಾದಾಗ ವಿಮೆಯವರು ಕೈಚೆಲ್ಲಬಹುದು, ನೋಂದಣಿಯ ನವೀಕರಣವೂ ಆಗದು. ಇಷ್ಟರ ಮೇಲೆ ಆ ಯಂತ್ರಕ್ಕೆ ಟರ್ಬೊವೇ ಇರಲಿಲ್ಲ. ಇದ್ದದ್ದು ಫಲಕವೊಂದೇ. ಜೆ.ಸಿ. ರಸ್ತೆಯಲ್ಲಿ ಅಂಥದನ್ನು ಕೊಳ್ಳುವುದೇನು ಕಷ್ಟ!

ಎರಡನೆಯ ಕಾರು ಕೆಂಗೇರಿಯಲ್ಲಿದೆಯೆಂದು ತಿಳಿಯಿತು. ಮೊದಲು ನೀವೇ ಒಮ್ಮೆ ನೋಡಿಬನ್ನಿ, ಅಯಸ್ಕಾಂತ ಮರೆಯಬೇಡಿ ಎಂದಿದ್ದ ಮೇಸ್ತ್ರಿ. ಮನೆಯಲ್ಲಿ ಅಯಸ್ಕಾಂತ ಇದ್ದದ್ದು ಒಂದೇ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದು. ಅದನ್ನು ಹಳೆಯ ಬನಿಯನ್ನಿನ ಬಟ್ಟೆಯಲ್ಲಿ ಸುತ್ತಿಕೊಂಡು ಮೆಟ್ರೋ ಹತ್ತಿ ಹೋಗಿ ಬಂದೆ. ರಾತ್ರಿ ಷರ್ಟನ್ನು ಒಗೆಯಲು ಹಾಕುವಾಗ ಸಿಕ್ಕಿಬಿದ್ದೆ.

“ಏನ್ರೀ ಇದು? ಫ್ರಿಜ್ಜಿನ ಅಯಸ್ಕಾಂತಕ್ಕೆ ಬನಿಯನ್ನು ಯಾಕೆ ತೊಡಿಸಿದ್ದೀರಿ?”

ಸುಳ್ಳು ಹೇಳುವ ಅಭ್ಯಾಸ ಕಡಿಮೆ. ಎಲ್ಲವನ್ನೂ ಹೇಳಿದೆ. ಮಹಡಿಯ ತಾರಸಿ ಮೂರು ಮಳೆಗಾಲದಿಂದ ಸೋರುತ್ತಿದ್ದು, ಅದರ ರಿಪೇರಿಗೆಂದು ಇಬ್ಬರ ಹೆಸರಿನಲ್ಲಿ ಇಟ್ಟಿದ್ದ ಮೂರು ಲಕ್ಷವನ್ನು ಮುಟ್ಟಲು ಹೊರಟಿದ್ದುದನ್ನೂ ಹೇಳಿದೆ. ಸಂತೋಷಪಡುತ್ತಾಳೆಂದು ಮುಖವನ್ನೇ ನೋಡುತ್ತಿದ್ದೆ. ಆಕೆ ಬಹಳ ಹೊತ್ತು ಸುಮ್ಮನಿದ್ದು ಹೇಳಿದಳು:

“ಅಪ್ಪ ನನ್ನನ್ನು ಕೇಳದೆ ಮಾರಿದರು. ನೀವು ನನ್ನನ್ನು ಕೇಳದೆ ಕೊಳ್ಳುತ್ತಿದ್ದೀರಿ.”

ಆ ರಾತ್ರಿ ನಮ್ಮ ಮನೆಯಲ್ಲಿ ಹೆಚ್ಚಿನ ಸಂಭಾಷಣೆ ನಡೆಯಲಿಲ್ಲ. ಬೆಳಿಗ್ಗೆ ಕಾಫಿಯ ಲೋಟವನ್ನು ಮುಂದಿಡುತ್ತ ಆಕೆಯೇ ಕೇಳಿದಳು: “ಕೆಂಗೇರಿಯದು ಯಾವ ವರ್ಷದ್ದು?” 1996ರದು ಎಂದೆ. “ಅವರಿಗೆ ಫೋನು ಮಾಡಿ, ನಾಳೆ ಬೆಳಿಗ್ಗೆ ಬರುತ್ತೇವೆ, ನಾವು ಬರುವವರೆಗೆ ಯಂತ್ರವನ್ನು ಚಾಲೂ ಮಾಡಬೇಡಿ ಅಂತ ಹೇಳಿ. ಬಿಸಿಯಾದ ಯಂತ್ರ ಎಲ್ಲವನ್ನೂ ಮುಚ್ಚಿಟ್ಟುಕೊಳ್ಳುತ್ತೆ.”

ಕೆಂಗೇರಿಯ ಆ ಮನೆಯಾಕೆ ಎಪ್ಪತ್ತು ದಾಟಿದ ಹಿರಿಯರು. ಯಜಮಾನರು 2020ರಲ್ಲಿ ತೀರಿಕೊಂಡಿದ್ದರು. ಮಕ್ಕಳು ದೂರದ ಊರುಗಳಲ್ಲಿ. ಕಾರು ಹಿತ್ತಿಲ ಶೆಡ್ಡಿನಲ್ಲಿ ತಗಡಿನ ಕೆಳಗೆ ನಿಂತಿತ್ತು. ವಾರಕ್ಕೊಮ್ಮೆ ನೆರೆಯ ಹುಡುಗನೊಬ್ಬ ಬಂದು ಯಂತ್ರ ಓಡಿಸಿ ಹೋಗುತ್ತಿದ್ದನಂತೆ. ನಾನು ಮನಸ್ಸಿನಲ್ಲಿ ಒಂದು ಆಸೆ ಇಟ್ಟುಕೊಂಡಿದ್ದೆ. ಒಂದು ವೇಳೆ ಇದು ಮಾವನವರ ಕಾರೇ ಆಗಿದ್ದರೆ? ನನ್ನಾಕೆ ಫಲಕವನ್ನು ನೋಡಿದಳು. “ಅಲ್ಲ. ಅಪ್ಪನದರ ಸಂಖ್ಯೆ ನನಗೆ ಬಾಯಿಪಾಠ” ಎಂದಳು. ಅಷ್ಟೇ.

ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು: ತಣ್ಣಗಿತ್ತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಒಳಗೆ ಕುಳಿತು, ಬೀಗದ ಕೈಯನ್ನು ಅರ್ಧ ತಿರುಗಿಸಿ, ಯಂತ್ರದೊಳಗಿನ ಬಿಸಿ ತಂತಿ ಕಾಯುವವರೆಗೆ ತಡೆದು, ಆಮೇಲೆ ಪೂರ್ತಿ ತಿರುಗಿಸಿದಳು. ಇಪ್ಪತ್ತನಾಲ್ಕು ವರ್ಷಗಳ ಮೇಲೆ ಆ ಕೈಗೆ ಅದು ನೆನಪಿತ್ತು! ಯಂತ್ರ ಎರಡನೆಯ ಯತ್ನಕ್ಕೆ ಎದ್ದಿತು. ಹಿಂದಿನಿಂದ ನೀಲಿ ಹೊಗೆ ಬಂತು. ಕರಿಯ ಹೊಗೆಯಾದರೆ ಗಾಳಿ ಸಾಲದೆಂದೋ ಇಂಧನ ಹೆಚ್ಚೆಂದೋ ಅರ್ಥ. ನಿಲ್ಲದ ಬಿಳಿಯ ಹೊಗೆಯಾದರೆ ನೀರು ಒಳಗೆ ಸೇರುತ್ತಿರಬಹುದು. ನೀಲಿಯೆಂದರೆ ಎಣ್ಣೆ ಉರಿಯುತ್ತಿದೆ. ಮೇಸ್ತ್ರಿ ಯಂತ್ರವನ್ನು ಆರಿಸಿ, ತಣಿದ ಮೇಲೆ ಟರ್ಬೊವಿನ ಗಾಳಿಯ ಕೊಳವೆಯನ್ನು ಬಿಚ್ಚಿ ಒಳಗಿನ ಚಕ್ರದ ಅಚ್ಚನ್ನು ಎರಡು ಬೆರಳಲ್ಲಿ ಹಿಡಿದು ಅಲುಗಿಸಿದ. ಅಲುಗಾಡುತ್ತಿತ್ತು. ಟರ್ಬೊವನ್ನು ಬಿಚ್ಚಿ ಹೊಸದಾಗಿ ಕಟ್ಟಬೇಕು. ತಗಡು ಮಾತ್ರ ಗಟ್ಟಿ. ಅಯಸ್ಕಾಂತ ಎಲ್ಲೆಡೆಯೂ ಕಚ್ಚಿಕೊಂಡಿತು. ಯಂತ್ರದ ಸಂಖ್ಯೆಯೂ ಪುಸ್ತಕದ ಸಂಖ್ಯೆಯೂ ಒಂದೇ.

“ಯಂತ್ರ ಕೆಟ್ಟರೆ ಕಟ್ಟಬಹುದು, ಮೈ ಕೆಟ್ಟರೆ ಕಟ್ಟೋಕಾಗಲ್ಲಮ್ಮ” ಎಂದ ಮೇಸ್ತ್ರಿ. ಇಸುಜು ಯಂತ್ರಗಳನ್ನು ಹಿಂದುಸ್ಥಾನ್ ಮೋಟಾರ್ಸ್‌ನವರು ಅಂಬಾಸಿಡರಿಗೂ ಹಾಕಿದ್ದರಿಂದ ಯಂತ್ರದ ಭಾಗಗಳು ಹುಡುಕಿದರೆ ಸಿಗುತ್ತವೆ. ಹಿಂದಿನ ದೀಪ, ಗಾಜಿನ ರಬ್ಬರು ಇಂಥವಕ್ಕೇ ಪರದಾಟ.

ಹಿರಿಯಾಕೆ ಕೇಳಿದ್ದು ರೂ. 2,00,000. ಟರ್ಬೊವನ್ನು ತೋರಿಸಿ ಮೇಸ್ತ್ರಿ ಒಂದು ಲಕ್ಷದಿಂದ ಚೌಕಾಸಿ ಆರಂಭಿಸುವುದರಲ್ಲಿದ್ದ. ನನ್ನಾಕೆ ಅವನನ್ನು ತಡೆದು, “ಒಂದು ಎಂಬತ್ತು ಕೊಡುತ್ತೇವೆ ಅಮ್ಮ” ಎಂದುಬಿಟ್ಟಳು. ಅವರು, “ಗುಜರಿಗೆ ಹಾಕುವುದಿಲ್ಲ ತಾನೆ?” ಎಂದು ಕೇಳಿದರು. ಇಲ್ಲವೆಂದಳು. ಮೇಸ್ತ್ರಿ ದಾರಿಯುದ್ದಕ್ಕೂ ನನ್ನೊಡನೆ ಮಾತನಾಡಲಿಲ್ಲ.

ಇನ್ನು ಕಾಗದಪತ್ರಗಳ ಕಥೆ. ಇದು ಬೇಸರದ ಭಾಗವಾದರೂ ಕೊಳ್ಳಹೊರಟವರು ತಿಳಿದಿರಬೇಕು. ಯಜಮಾನರು ತೀರಿಕೊಂಡಿದ್ದರೆ ಕಾರು ಮೊದಲು ವಾರಸುದಾರರ ಹೆಸರಿಗೆ ಬರಬೇಕು. ಅದಕ್ಕೆ 31ನೆಯ ನಮೂನೆ, ಮಕ್ಕಳ ಒಪ್ಪಿಗೆ. ಆಮೇಲೆ ಮಾರುವವರೂ ಕೊಳ್ಳುವವರೂ ಸಹಿ ಮಾಡುವ 29 ಮತ್ತು 30ನೆಯ ನಮೂನೆಗಳು. ಹದಿನೈದು ವರ್ಷ ತುಂಬಿದ ಸ್ವಂತ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಈ ಕಾರಿನದು 2021ರಲ್ಲಿಯೇ ಮುಗಿದಿತ್ತು. ನವೀಕರಣದ ಶುಲ್ಕ ಹಿಂದೆ 600 ರೂಪಾಯಿ ಇದ್ದದ್ದು 2022ರ ಏಪ್ರಿಲಿನಿಂದ 5,000 ಆಯಿತು; ಇಪ್ಪತ್ತು ವರ್ಷ ಮೀರಿದ ಕಾರುಗಳಿಗೆ 2025ರ ಆಗಸ್ಟಿನಲ್ಲಿ 10,000ಕ್ಕೆ ಏರಿತು. ಜೊತೆಗೆ ತಡಮಾಡಿದ್ದಕ್ಕೆ ದಂಡ, ಹಸಿರು ತೆರಿಗೆ, ವಿಮೆ. ದೆಹಲಿಯಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ಕಾರುಗಳನ್ನು ನ್ಯಾಯಾಲಯಗಳೇ ತಡೆದವು. ನಮ್ಮಲ್ಲಿ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಓಡಿಸಬಹುದು. ಪುರಾತನ ವಾಹನಗಳಿಗೆ 2021ರಲ್ಲಿ ಬಂದ ವಿಶೇಷ ನೋಂದಣಿ ಐವತ್ತು ವರ್ಷ ದಾಟಿದವಕ್ಕೆ ಮಾತ್ರ. ಹಾಗಾಗಿ ನಮ್ಮದು ಮುದಿಯೂ ಅಲ್ಲ, ಪುರಾತನವೂ ಅಲ್ಲ; ನನ್ನ ಹಾಗೆ ನಡುವಿನದು.

ನೋಂದಣಿ ಮುಗಿದ ಕಾರನ್ನು ರಸ್ತೆಯಲ್ಲಿ ಓಡಿಸುವಂತಿಲ್ಲವಾದ್ದರಿಂದ ಅದು ಮೊದಲ ದಿನ ಮೈಸೂರು ರಸ್ತೆಯಲ್ಲಿ ಲಾರಿಯ ಬೆನ್ನೇರಿ ಬಂತು. ಟರ್ಬೊ ಬಿಚ್ಚಿ ಕಟ್ಟುವುದಕ್ಕೆ, ಹೋಸು, ಬ್ರೇಕು, ಟೈರುಗಳಿಗೆ ಉಳಿದ ಹಣ ಸಾಲದಾಗಿ, ನನ್ನಾಕೆ ತನ್ನ ನಿವೃತ್ತಿಯ ಹಣದಿಂದ ಅರ್ಧ ಹಾಕಿದಳು. ಕಾರು ಆಕೆಯ ಹೆಸರಿನಲ್ಲಿಯೇ ಇದೆ. ತಾರಸಿಗೆ ಈ ಮಳೆಗಾಲಕ್ಕೂ ಟಾರ್ಪಾಲಿನೇ ಗತಿ.

ಕಾಗದಗಳೆಲ್ಲ ಕೈಸೇರಿದ ಮರುದಿನ ಬೆಳಗಿನ ಐದು ಗಂಟೆಗೆ ಇಬ್ಬರೂ ಹೊರಟೆವು. ಹವನೂರು ವೃತ್ತದಿಂದ ಕಾರ್ಡ್ ರಸ್ತೆಗೆ ಸೇರಿ ರಾಜಾಜಿನಗರದವರೆಗೆ ಹೋದೆವು. ಆ ಹಳೆಯ ಕಾರ್ಖಾನೆಯಿದ್ದ ಬೀದಿಯಲ್ಲಿ ಈಗ ಯಾವುದೋ ವಸತಿ ಸಮುಚ್ಚಯ. ಆಕೆ ನಿಲ್ಲಿಸಲಿಲ್ಲ, ಗೇರು ಇಳಿಸಿ ನಿಧಾನವಾಗಿ ದಾಟಿದಳು. ಮಾತಾಡಿದ್ದು ಒಂದೇ: “ಆಗ ಅವರ ಹತ್ತಿರ ಕೇಳಬೇಕಾಗಿತ್ತು ರೀ, ಎಷ್ಟಕ್ಕೆ ಹೋಯಿತು, ಆಳುಗಳಿಗೆಲ್ಲ ಸಾಕಾಯಿತೆ ಅಂತ. ಕೇಳಲೇ ಇಲ್ಲ.”

ಬಸವೇಶ್ವರನಗರದ ನಮ್ಮ ಗೇಟಿನ ಮುಂದೆ ಕಾರು ನಿಂತಿತು. ಕಾಫಿಯ ಹೊತ್ತು ಮೀರಿತ್ತು. ನಾನು ಬಾಗಿಲು ತೆರೆದು ಇಳಿಯಹೋದೆ. “ತಡೀರಿ, ಇನ್ನೂ ಆರಿಸಿಲ್ಲ” ಎಂದಳು. ಸ್ಟಿಯರಿಂಗಿನ ಮೇಲೆ ಎರಡು ಕೈಗಳನ್ನೂ ಇಟ್ಟು, ಕೈಗಡಿಯಾರವನ್ನು ನೋಡುತ್ತ, ಯಂತ್ರದ ಸದ್ದನ್ನು ಕೇಳುತ್ತ ಕುಳಿತಳು. ಎದುರು ಮನೆಯವರು ಹಾಲಿನ ಪೊಟ್ಟಣ ಹಿಡಿದುಕೊಂಡೇ ಗೇಟಿನಲ್ಲಿ ನಿಂತು ನೋಡುತ್ತಿದ್ದರು. ಅರವತ್ತು ಸೆಕೆಂಡು ಆಗಿ, ಇನ್ನೂ ಹತ್ತು ಕಳೆದ ಮೇಲೆ ಬೀಗದ ಕೈಯನ್ನು ತಿರುಗಿಸಿದಳು.